ಮೇಳ

ಗ್ರೀಕ್ ರುದ್ರನಾಟಕದ ಕೋರಸ್ಸಿಗೆ ಕನ್ನಡದಲ್ಲಿ ‘ಮೇಳ’ ಎನ್ನುತ್ತಾರೆ. ಬಿ.ಎ. ತರಗತಿಯಲ್ಲಿ ಮೇಷ್ಟ್ರು ಹಾಗೆಂದಾಗ ನನಗೆ ನಗು ಬಂದಿತ್ತು. ಸೋಫೊಕ್ಲಿಸನ ‘ಅಯಾಸ್’ ನಾಟಕವನ್ನು ಬಿ.ಎಂ.ಶ್ರೀ. 1929ರಲ್ಲಿ ‘ಅಶ್ವತ್ಥಾಮನ್’ ಮಾಡಿದ ಪಾಠ ಅದು. ಜಯಪುರದ ಕಡೆಯವರಿಗೆ ಮೇಳವೆಂದರೆ ಘಟ್ಟದ ಕೆಳಗಿನಿಂದ ಬರುವ ಯಕ್ಷಗಾನದವರು, ಅಷ್ಟೆ.

ನಗುವ ಮಾತಲ್ಲವೆಂದು ತಿಳಿದದ್ದು ಆಮೇಲೆ. ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನಲ್ಲಿ ನಾಟಕ ಆಡುತ್ತಿದ್ದುದು ಡಯೊನಿಸಸ್ ದೇವರ ಉತ್ಸವದಲ್ಲಿ. ಮೂರ್ತಿಯ ಮೆರವಣಿಗೆ, ಬಲಿ ಎಲ್ಲ ಇತ್ತು. ಮುಂದಿನ ಸಾಲಿನಲ್ಲಿ ಅರ್ಚಕನಿಗೆ ಆಸನ. ಹಾಡಿ ಕುಣಿಯುವ ಮೇಳದಲ್ಲಿ ಮೊದಲು 12, ಮುಂದೆ 15 ಜನ. ಊರಿನ ಗಂಡಸರೇ; ಹೆಂಗಸರ ಮೇಳವಾದರೂ ಮುಖವಾಡ ತೊಟ್ಟ ಗಂಡಸರೇ! ಮೇಳದ ಖರ್ಚು ಒಬ್ಬ ಶ್ರೀಮಂತನ ಪಾಲಿಗೆ. ಅದು ಊರು ಹೊರಿಸಿದ ಹೊಣೆ, ನಮ್ಮ ಹಾಗೆ ಹರಕೆಯಲ್ಲ. ಅವರ ಆಟ ಹಗಲು, ನಮ್ಮದು ರಾತ್ರಿ. ಅಲ್ಲಿಂದ ಇಲ್ಲಿಗೆ ಬಂತೆಂದು ನಾನು ಹೇಳುತ್ತಿಲ್ಲ.

ತಮ್ಮನಿಗೆ ಕಾಯಿಲೆಯಾದಾಗ ಅಮ್ಮ ಮಂದಾರ್ತಿ ದುರ್ಗಾಪರಮೇಶ್ವರಿಗೆ ಒಂದು ಆಟ ಹೇಳಿಕೊಂಡಿದ್ದಳು. ಹರಕೆ ಆಟಕ್ಕೆ ವರ್ಷಗಟ್ಟಲೆ ಸರದಿ. ಅದು ಬರುವ ಮೊದಲೇ ತಮ್ಮ ಹೋದ. ಇನ್ನೇಕೆ ಆಟ ಎಂದರು ನೆಂಟರು. ಕಾಲೇಜು ಕಲಿತ ನಾನೂ ಅಂದೆ.

“ಕೊಡ್ತೀನಿ ಅಂದವಳು ನಾನು. ಕೊಡದಿದ್ರೆ ಹೇಗೆ?” ಎಂದಳು ಅಮ್ಮ.

ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ ಎದ್ದಿತು. ಚೌಕಿಯಲ್ಲಿ ದೀಪ ಹಚ್ಚಿ ಪೂಜೆಯಾದ ಮೇಲೇ ಆಟ ಶುರು. ಪ್ರಸಂಗ ಅಭಿಮನ್ಯು ಕಾಳಗ.

ಈಸ್ಕಿಲಸನ ‘ಅಗಮೆಮ್ನಾನ್’ (ಕ್ರಿ.ಪೂ. 458) ಓದಿದ್ದು ಟೀಚರಾದ ಮೇಲೆ. ಅರಮನೆಯೊಳಗಿನಿಂದ ರಾಜನ ಕೂಗು ಕೇಳುತ್ತದೆ. ಹೊರಗಿರುವ ಮುದುಕರ ಮೇಳ ನುಗ್ಗೋಣವೇ, ಬೇಡವೇ ಎಂದು ಮಾತಾಡುತ್ತಿರುವಾಗಲೇ ಕೊಲೆ ಮುಗಿದಿರುತ್ತದೆ. ಎಂಥ ಜನವಪ್ಪಾ ಎಂದು ಸಿಟ್ಟು ಬಂತು. ಆಗ ಆ ರಾತ್ರಿಯ ಭಾಗವತರು ನೆನಪಾದರು. ಅವರೂ ವೇಷವನ್ನು ಮಾತಾಡಿಸುತ್ತಾರೆ, ಸುಖ ದುಃಖ ಕೇಳುತ್ತಾರೆ. ಚಕ್ರವ್ಯೂಹಕ್ಕೆ ಹೊರಟ ಹುಡುಗನನ್ನು ಮಾತ್ರ ತಡೆಯುವುದಿಲ್ಲ. ಅವನಿಗಾಗಿ ಪದ ಹೇಳುತ್ತಾರೆ.

ತಮ್ಮ ಹೋದಂದಿನಿಂದ ಅವನ ಹೆಸರೆತ್ತದ ಅಮ್ಮ, ಅಭಿಮನ್ಯು ಬಿದ್ದಾಗ ಆ ಪದ ಕೇಳುತ್ತ ಎಲ್ಲರೆದುರೇ ಅತ್ತಳು. ಚಾಪೆಯ ಮೇಲೆ ಸುತ್ತ ಕುಳಿತ ಹೆಂಗಸರೂ ಅತ್ತರು. ಯಾರೂ ಸಮಾಧಾನ ಹೇಳಲಿಲ್ಲ.

ಬೆಳಗಿನ ಜಾವ ಮಂಗಳ ಹಾಡಿ, ಚೌಕಿಯಲ್ಲಿ ಪೂಜೆ ಮಾಡಿ ಪ್ರಸಾದ ಕೊಟ್ಟರು. ಅಮ್ಮ ಸೆರಗೊಡ್ಡಿ ತೆಗೆದುಕೊಂಡಳು. ಮೇಳದವರಿಗೆ ಕಾಫಿ ಆಯಿತೇ ನೋಡು ಎಂದು ನನ್ನನ್ನು ಒಳಗೆ ಅಟ್ಟಿದಳು.