ಭೀಮಾ ತೀರದ ಹಕ್ಕಿಗಳು: ಎಣಿಸುವವರಿದ್ದರೆ ಉಳಿಸುವವರೂ ಇರುತ್ತಾರೆ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಸನ್ನತಿ ಎಂದೊಡನೆ ನಾಡಿನ ಜನರಿಗೆ ನೆನಪಾಗುವುದು ಚಂದ್ರಲಾಂಬಾ ದೇವಿಯ ಗುಡಿ, ಕನಗನಹಳ್ಳಿಯ ಬೌದ್ಧ ಸ್ತೂಪ ಹಾಗೂ ಅಶೋಕನ ಶಾಸನ. ಈ ಮೂರಕ್ಕೂ ನೆರೆಯಾಗಿ ಹರಿಯುವ ಭೀಮಾ ನದಿ ಮಾತ್ರ ಪ್ರವಾಸಿಗರ ಕಣ್ಣಿಗೆ ಬೀಳುವುದು ಕಡಿಮೆ. ಆ ನದಿಯ ಮರಳು ದಿಬ್ಬ, ಮಡು, ದಂಡೆಯ ಜಾಲಿಮರ ಮತ್ತು ಆಚೀಚಿನ ತೊಗರಿ ಹೊಲಗಳನ್ನು ನಂಬಿ ಬದುಕುವ ಹಕ್ಕಿಗಳ ಕಡೆಗಂತೂ ಗಮನ ಇನ್ನೂ ಕಡಿಮೆ. ರಾಜ್ಯದ ಕರಾವಳಿಯಲ್ಲಿ, ಮೈಸೂರು ಮತ್ತು ಬೆಂಗಳೂರು ಭಾಗದಲ್ಲಿ ಬೇರೂರಿರುವ ಸಾಮೂಹಿಕ ಹಕ್ಕಿ ವೀಕ್ಷಣೆ ಕಲ್ಯಾಣ ಕರ್ನಾಟಕದ ನದಿ ತೀರಗಳಲ್ಲಿ ಅಷ್ಟಾಗಿ ಬೆಳೆದಿಲ್ಲ. ಅದು ಬೆಳೆಯಬೇಕಾದ ಅಗತ್ಯವೇನು, ಬೆಳೆಸುವ ಬಗೆ ಹೇಗೆ ಎಂಬುದರ ಪರಿಚಯ ಇಲ್ಲಿದೆ.

ಎಣಿಕೆ ಏಕೆ ಮುಖ್ಯ?

ಹಕ್ಕಿ ವೀಕ್ಷಣೆ ಎಂದರೆ ದುರ್ಬೀನು ಹಿಡಿದು ಕಾಡು ಸುತ್ತುವ ಹವ್ಯಾಸವಷ್ಟೇ ಅಲ್ಲ. ಒಂದು ನಿಗದಿತ ಜಾಗಕ್ಕೆ ನಾಲ್ಕಾರು ಜನ ಕೂಡಿ ಹೋಗಿ, ನಿಗದಿತ ಸಮಯದವರೆಗೆ ಕಂಡ ಮತ್ತು ಕೇಳಿಸಿದ ಹಕ್ಕಿಗಳ ಹೆಸರು, ಸಂಖ್ಯೆಗಳನ್ನು ಬರೆದಿಟ್ಟರೆ ಅದು ದಾಖಲೆಯಾಗುತ್ತದೆ. ಅದೇ ಜಾಗದಲ್ಲಿ ಅದೇ ಕೆಲಸ ವರ್ಷವರ್ಷವೂ ನಡೆದರೆ ಏರಿಳಿತ ತಿಳಿಯುತ್ತದೆ.

ಇದಕ್ಕೆ ದೊಡ್ಡ ನಿದರ್ಶನ 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ. ದೇಶದ 30 ಸಾವಿರಕ್ಕೂ ಹೆಚ್ಚು ವೀಕ್ಷಕರು ದಾಖಲಿಸಿದ ಸುಮಾರು 3 ಕೋಟಿ ಮಾಹಿತಿಗಳನ್ನು ಆಧರಿಸಿ, 942 ಪ್ರಭೇದಗಳನ್ನು ಅದು ಪರಿಶೀಲಿಸಿತು. ದೀರ್ಘಾವಧಿಯ ಏರಿಳಿತವನ್ನು ಅಳೆಯಲು ಸಾಕಷ್ಟು ಮಾಹಿತಿ ದೊರೆತದ್ದು 338 ಪ್ರಭೇದಗಳಿಗೆ ಮಾತ್ರ. ಅವುಗಳಲ್ಲಿ ಶೇ 60ರಷ್ಟು ಇಳಿಮುಖವಾಗಿವೆ. ಒಟ್ಟು 178 ಪ್ರಭೇದಗಳಿಗೆ ಸಂರಕ್ಷಣೆಯಲ್ಲಿ ಮೊದಲ ಆದ್ಯತೆ ನೀಡಬೇಕೆಂದು ವರದಿ ಗುರುತಿಸಿತು. ಬಯಲು ನೆಲ, ಹುಲ್ಲುಗಾವಲು ಮತ್ತು ನೀರಿನ ಅಂಚನ್ನು ನಂಬಿದ ಹಕ್ಕಿಗಳಿಗೆ ಹೆಚ್ಚು ಪೆಟ್ಟು ಬಿದ್ದಿದೆ ಎಂಬುದು ಗಮನಾರ್ಹ. ಸೇಡಂ, ಚಿತ್ತಾಪುರ, ಶಹಾಬಾದ್ ಸುತ್ತಲಿನ ನೆಲ ಬಹುಪಾಲು ಇಂಥದ್ದೇ ಬಯಲು.

ಕರ್ನಾಟಕದ ರಾಜ್ಯ ಪಕ್ಷಿಯಾದ ನೀಲಕಂಠದ ಕಥೆಯೂ ಇದೇ. ತಂತಿಯ ಮೇಲೆ, ಹೊಲದ ಬದುವಿನ ಗಿಡದ ಮೇಲೆ ಕೂತು ಮಿಡತೆ ಹಿಡಿಯುವ ಈ ಹಕ್ಕಿ ಎಲ್ಲರಿಗೂ ಪರಿಚಿತ. ವಿಜಯದಶಮಿಯಂದು ಅದರ ದರ್ಶನ ಶುಭವೆಂಬ ನಂಬಿಕೆ ನೆರೆಯ ತೆಲಂಗಾಣದಲ್ಲಿ ಬಲವಾಗಿದೆ. ಇಂಥ ಸಾಮಾನ್ಯ ಹಕ್ಕಿಯೇ ದೇಶದಲ್ಲಿ ಶೇ 30ಕ್ಕಿಂತ ಹೆಚ್ಚು ಇಳಿದಿದೆ ಎಂದು ಅದೇ ವರದಿ ತಿಳಿಸಿ, ಅದರ ಸ್ಥಾನಮಾನವನ್ನು ಜಾಗತಿಕ ಪಟ್ಟಿಯಲ್ಲಿ ಮರುಪರಿಶೀಲಿಸಲು ಶಿಫಾರಸು ಮಾಡಿತು. ದಿನವೂ ಕಾಣುವ ಹಕ್ಕಿ ಕಡಿಮೆಯಾಗುತ್ತಿರುವುದು ಕಣ್ಣಂದಾಜಿಗೆ ತಿಳಿಯುವುದಿಲ್ಲ. ಲೆಕ್ಕಕ್ಕೆ ಮಾತ್ರ ತಿಳಿಯುತ್ತದೆ.

ಈ ಭಾಗಕ್ಕೆ ಹಕ್ಕಿ ಸಮೀಕ್ಷೆಯ ಹಿನ್ನೆಲೆ ಇಲ್ಲದಿಲ್ಲ. ಕಲಬುರಗಿಯು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1931-32ರಲ್ಲಿ, ಸಲೀಂ ಅಲಿ ಅವರು ಆ ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದರು. ಹಳೆಯ ಮೈಸೂರು ಸಂಸ್ಥಾನದ ಸಮೀಕ್ಷೆ ನಡೆದದ್ದು ಅದಾದ ಹಲವು ವರ್ಷಗಳ ಬಳಿಕ. ಆದರೆ ಮುಂದೆ ಮೈಸೂರಿನಲ್ಲಿ ಹವ್ಯಾಸಿಗಳ ತಂಡಗಳು ಬೆಳೆದವು. 2014ರಲ್ಲಿ ಅಲ್ಲಿ ನಗರದ ಹಕ್ಕಿ ನಕ್ಷೆ ತಯಾರಿಸುವ ಕಾರ್ಯವೂ ಆರಂಭವಾಯಿತು. ಭೀಮಾ ತೀರದಲ್ಲಿ ಅಂಥ ಮುಂದುವರಿಕೆ ಆಗಲಿಲ್ಲ.

ಎಲ್ಲಿ, ಯಾವ ಹಕ್ಕಿ?

ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟುವ ಭೀಮೆ ಸುಮಾರು 860 ಕಿ.ಮೀ. ಹರಿದು ಕೃಷ್ಣೆಯನ್ನು ಸೇರುತ್ತದೆ. ಸೇಡಂ, ಚಿತ್ತಾಪುರ ಭಾಗದ ಕಾಗಿಣಾ ನದಿ ಅದರ ಉಪನದಿ. ಈ ಎರಡು ನದಿಗಳ ಪಾತ್ರವೇ ಇಲ್ಲಿನ ನೀರು ಹಕ್ಕಿಗಳ ಆಸರೆ. ನೀರುಕಾಗೆ, ಬೆಳ್ಳಕ್ಕಿ, ಕೆಂಬರಲು, ಬಣ್ಣದ ಕೊಕ್ಕರೆ, ಮೆಟ್ಟುಗಾಲು ಹಕ್ಕಿ, ಟಿಟ್ಟಿಭ, ಗಾಳಿಯಲ್ಲೇ ನಿಂತು ನೀರಿಗೆ ಧುಮುಕುವ ಕಪ್ಪು-ಬಿಳಿ ಮಿಂಚುಳ್ಳಿ ಇವು ದಖ್ಖನ್ನಿನ ನದಿಗಳಲ್ಲಿ ನೋಡಸಿಗುವಂಥವು. ಚಳಿಗಾಲದಲ್ಲಿ ಉತ್ತರದಿಂದ ಚಕ್ರವಾಕ, ಉಲ್ಲಂಕಿ ಮೊದಲಾದ ವಲಸೆ ಹಕ್ಕಿಗಳು ಬರುತ್ತವೆ.

ಜೋಳ, ತೊಗರಿ, ಕಡಲೆಯ ಹೊಲಗಳಲ್ಲಿ ನೀಲಕಂಠ, ಕಾಜಾಣ, ಗೊರವಂಕ, ಗೌಜುಗಗಳು ಕಾಣುತ್ತವೆ. ಜೋಳ ತೆನೆಗಟ್ಟುವ ಹೊತ್ತಿಗೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಮೋಡದಂತೆ ಇಳಿಯುತ್ತದೆ. ಪೂರ್ವಕ್ಕೆ ಸರಿದರೆ ಚಿಂಚೋಳಿ ವನ್ಯಜೀವಿಧಾಮವಿದೆ. 2011ರಲ್ಲಿ ಘೋಷಣೆಯಾದ ಇದರ ವಿಸ್ತೀರ್ಣ 134.88 ಚದರ ಕಿ.ಮೀ. ಒಣ ಪ್ರದೇಶದ ನಡುವಿನ ಈ ಕಾಡು ಮತ್ತು ಅದರ ಮಡಿಲಿನ ಚಂದ್ರಂಪಳ್ಳಿ ಜಲಾಶಯ ಒಂದೇ ಬೆಳಗಿನಲ್ಲಿ ಕಾಡಿನ ಹಕ್ಕಿ, ನೀರಿನ ಹಕ್ಕಿ ಎರಡನ್ನೂ ತೋರಿಸಬಲ್ಲವು. ನೆರೆಯ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಬೋನಾಳ ಕೆರೆ ಪಕ್ಷಿಧಾಮವೆಂದೇ ಹೆಸರಾಗಿದೆ.

ಅಶೋಕನ ನಂಟು

ಸನ್ನತಿಯಲ್ಲಿ 1986ರಲ್ಲಿ ಕಾಳಿಕಾ ಗುಡಿಯ ಛಾವಣಿ ಕುಸಿದಾಗ, ವಿಗ್ರಹದ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನಲ್ಲಿ ಅಶೋಕನ ಬಂಡೆ ಶಾಸನಗಳ ಭಾಗಗಳು ಪತ್ತೆಯಾದವು. ಹಕ್ಕಿಗಳ ವಿಷಯ ಆ ಕಲ್ಲಿನಲ್ಲಿಲ್ಲ. ಆದರೆ ಅದೇ ಅರಸ ಪಟ್ಟವೇರಿದ 26 ವರ್ಷಗಳ ನಂತರ ಉತ್ತರ ಭಾರತದ ಸ್ತಂಭಗಳ ಮೇಲೆ ಕೆತ್ತಿಸಿದ ಐದನೆಯ ಶಾಸನದಲ್ಲಿ, ಕೊಲ್ಲಬಾರದ ಜೀವಿಗಳ ಪಟ್ಟಿಯೇ ಇದೆ. ಗಿಳಿ, ಗೊರವಂಕ, ಚಕ್ರವಾಕ, ಹಂಸ ಮೊದಲಾದ ಹಕ್ಕಿಗಳು ಆ ಪಟ್ಟಿಯ ಆರಂಭದಲ್ಲೇ ಬರುತ್ತವೆ. ಹೆಸರಿಟ್ಟು ಪಟ್ಟಿ ಮಾಡಿ ಹಕ್ಕಿಗಳನ್ನು ಕಾಪಾಡುವ ಪದ್ಧತಿ ಈ ನೆಲದಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯದು ಎಂಬುದಕ್ಕೆ ಇದು ಸಾಕ್ಷಿ.

ಮರಳು ದಿಬ್ಬದ ಸಂಕಟ

ನದಿ ಹಕ್ಕಿಗಳಲ್ಲಿ ಹೆಚ್ಚು ಆತಂಕದಲ್ಲಿರುವುದು ನದಿ ರೀವ. ಕಪ್ಪು ನೆತ್ತಿ, ಹಳದಿ ಕೊಕ್ಕು, ಕವಲೊಡೆದ ಬಾಲದ ಈ ಹಕ್ಕಿ ಮರದಲ್ಲಿ ಗೂಡು ಕಟ್ಟುವುದಿಲ್ಲ. ಬೇಸಿಗೆಯಲ್ಲಿ ನೀರಿಳಿದು ತೆರೆದುಕೊಳ್ಳುವ ಮರಳು ದಿಬ್ಬ, ನಡುಗಡ್ಡೆಗಳಲ್ಲಿ ಬರಿ ನೆಲದ ಮೇಲೆಯೇ ಮೊಟ್ಟೆ ಇಡುತ್ತದೆ. ಮರಳಿನ ಬಣ್ಣದ ಮೊಟ್ಟೆ ಎರಡು ಮಾರು ದೂರದಿಂದಲೂ ಕಾಣಿಸದು. ದಿಬ್ಬದ ಮರಳೇ ಹೋದರೆ ಗೂಡಿಗೆ ಜಾಗವಿಲ್ಲ. ನದಿ ಬತ್ತಿ ದಿಬ್ಬ ದಂಡೆಗೆ ಕೂಡಿಕೊಂಡರೆ ನಾಯಿ, ದನಗಳಿಗೆ ದಾರಿಯಾಗುತ್ತದೆ. ಮೇಲಿನಿಂದ ದಿಢೀರನೆ ನೀರು ಬಿಟ್ಟರೆ ಮೊಟ್ಟೆ ಕೊಚ್ಚಿಹೋಗುತ್ತದೆ. ಈ ಕಾರಣಗಳಿಂದಲೇ ನದಿ ರೀವವನ್ನು ಅಪಾಯದಂಚಿಗೆ ಸರಿಯುತ್ತಿರುವ ಪ್ರಭೇದವೆಂದು ಜಾಗತಿಕ ಕೆಂಪು ಪಟ್ಟಿಯಲ್ಲಿ ಸೇರಿಸಲಾಗಿದೆ.

ಭೀಮಾ ನದಿಯ ಅಕ್ರಮ ಮರಳುಗಾರಿಕೆ ಕಲಬುರಗಿ ಜಿಲ್ಲೆಯಲ್ಲಿ ಹಲವು ವರ್ಷಗಳಿಂದ ಚರ್ಚೆಯಲ್ಲಿರುವ ವಿಷಯ. ಸನ್ನತಿಯೂ ಸೇರಿದಂತೆ ನದಿಯುದ್ದಕ್ಕೂ ಬ್ಯಾರೇಜ್‌ಗಳಿವೆ. ಕುಡಿಯುವ ನೀರು, ನೀರಾವರಿ ಇವುಗಳ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಯಾವ ದಿಬ್ಬದಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಗೂಡುಗಳಿವೆ ಎಂಬ ಲೆಕ್ಕವಿದ್ದರೆ ತಾನೇ ಅಧಿಕಾರಿಗಳ ಮುಂದೆ ಅದನ್ನು ಇಡಲು ಸಾಧ್ಯ? ರಾಜ್ಯದಲ್ಲೇ ಭದ್ರಾ ಜಲಾಶಯದ ನಡುಗಡ್ಡೆಗಳಿಗೆ ಬೇಸಿಗೆಯಲ್ಲಿ ಬರುವ ರೀವಗಳನ್ನು ಜನ ಕಂಡು ಬರೆದದ್ದರಿಂದಲೇ ಆ ತಾಣ ಇಂದು ಪ್ರಸಿದ್ಧವಾಗಿದೆ.

ಮೇಲ್ಹರಿವಿನ ಪಾಠ, ಕಡಲಂಚಿನ ಪಾಠ

ಇದೇ ಭೀಮೆಯ ಮೇಲ್ಹರಿವಿನಲ್ಲಿ, ಮಹಾರಾಷ್ಟ್ರದ ಉಜನಿ ಜಲಾಶಯದ ಹಿನ್ನೀರಿನಲ್ಲಿ ಭಿಗವಣ ಎಂಬ ಊರಿದೆ. ಚಳಿಗಾಲದಲ್ಲಿ ಅಲ್ಲಿಗೆ ರಾಜಹಂಸಗಳು (ಫ್ಲೆಮಿಂಗೊ) ಬರುತ್ತವೆ. ಸುತ್ತಲಿನ ಹಳ್ಳಿಗಳ ಮೀನುಗಾರರು ಈಗ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು ಹಕ್ಕಿ ತೋರಿಸುವ ಮಾರ್ಗದರ್ಶಕರೂ ಆಗಿದ್ದಾರೆ. ಹಕ್ಕಿ ಉಳಿದರೆ ಊರಿಗೆ ಉತ್ಪನ್ನ ಎಂಬ ಅರಿವು ಅಲ್ಲಿ ಮೂಡಿದೆ.

ಕರಾವಳಿಯಲ್ಲಿ ಪಾಠ ಬೇರೆ ಬಗೆಯದು. ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ನೀರಿಳಿದಾಗ ತೆರೆದುಕೊಳ್ಳುವ ಕೆಸರು ಬಯಲಿನಲ್ಲಿ ಚಿಪ್ಪಿ ಆಯುವ ಜನರೂ ಹುಳು ಹೆಕ್ಕುವ ಉಲ್ಲಂಕಿಗಳೂ ಜೊತೆಯಾಗಿ ದುಡಿಯುತ್ತಾರೆ. ಹಿಂದೆ ತದಡಿಯಲ್ಲಿ ಬೃಹತ್ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಾಗ ಸ್ಥಳೀಯರು ವಿರೋಧಿಸಿದರು; ಸ್ಥಾವರ ಬರಲಿಲ್ಲ. ಆ ಅಳಿವೆಯ ಮೀನು, ಚಿಪ್ಪಿ, ಕಾಂಡ್ಲಾ, ಹಕ್ಕಿಗಳನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸುತ್ತ ಬಂದರು. 2024ರಲ್ಲಿ 4,801 ಹೆಕ್ಟೇರ್ ವಿಸ್ತಾರದ ಅಘನಾಶಿನಿ ಅಳಿವೆಯು ರಾಮ್ಸಾರ್ ತಾಣವಾಯಿತು. ಅದರ ಜೊತೆಗೇ ಆ ಮಾನ್ಯತೆ ಪಡೆದ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಗಳು ಕಲಬುರಗಿಯಂತೆಯೇ ಬಯಲುಸೀಮೆಯವು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಮಾಗಡಿ ಪ್ರಸಿದ್ಧ.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಮತ್ತೊಂದು ಮಾದರಿ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಯುವಕರ ‘ಹೆಜ್ಜಾರ್ಲೆ ಬಳಗ’ ಸಾಕಿ ಬೆಳೆಸಿದೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು.

ಚರಗವೂ ಒಂದು ಆಸರೆ

ಹಕ್ಕಿಗಳಿಗೆ ನೆರವಾಗುವ ರೂಢಿ ಕಲಬುರಗಿ ಸೀಮೆಗೆ ಹೊಸದಲ್ಲ. ಎಳ್ಳಮಾವಾಸ್ಯೆಯಂದು ರೈತ ಕುಟುಂಬಗಳು ಸಜ್ಜೆ ರೊಟ್ಟಿ, ಕಡಬು, ಭಜ್ಜಿ ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲುತ್ತವೆ. ಆ ಹೊತ್ತಿಗೆ ತೊಗರಿ, ಕಡಲೆ ಬೆಳೆಗೆ ಕಾಯಿಕೊರಕದ ಕಾಟವಿರುತ್ತದೆ. ಚರಗ ತಿನ್ನಲು ಬಂದ ಹಕ್ಕಿಗಳು ಹುಳುವನ್ನೂ ಹೆಕ್ಕುತ್ತವೆ. ಇದೇ ತತ್ವದ ಮೇಲೆ ಕೃಷಿ ತಜ್ಞರು ಹೊಲದಲ್ಲಿ ಅಲ್ಲಲ್ಲಿ ಅಡ್ಡಪಟ್ಟಿಯಿರುವ ಕೋಲು ನೆಡಲು ಸಲಹೆ ಮಾಡುತ್ತಾರೆ. ಕಾಜಾಣ, ಗೊರವಂಕಗಳು ಅವುಗಳ ಮೇಲೆ ಕೂತು ಕೀಡೆ ಹಿಡಿಯುತ್ತವೆ. ಔಷಧ ಸಿಂಪರಣೆಯ ಖರ್ಚೂ ತಗ್ಗುತ್ತದೆ, ಹಕ್ಕಿಗೂ ವಿಷ ತಪ್ಪುತ್ತದೆ.

ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ವಾಡಿ, ಶಹಾಬಾದ್‌ನಂಥ ಊರುಗಳಲ್ಲಿ ಮಾಳಿಗೆಯ ನೆರಳಿನಲ್ಲಿ ಮಣ್ಣಿನ ತಟ್ಟೆಯಲ್ಲಿ ನೀರಿಡುವುದು ಸುಲಭದ ಸೇವೆ. ತಟ್ಟೆ ಆಳವಾಗಿರಬಾರದು, ನೀರು ದಿನವೂ ಬದಲಾಗಬೇಕು. ಆದರೆ ನೀರಿಡುವುದಕ್ಕಿಂತ ಬದುವಿನ ಜಾಲಿ, ಬೇವು, ಬನ್ನಿ ಮರಗಳನ್ನು ಕಡಿಯದೆ ಉಳಿಸುವುದು ದೊಡ್ಡ ಉಪಕಾರ.

ಹೊರಡುವ ಮುನ್ನ

ಸನ್ನತಿಗೆ ಹೋಗುವವರು ನಾಲವಾರ ರೈಲು ನಿಲ್ದಾಣ ಅಥವಾ ವಾಡಿ ಜಂಕ್ಷನ್ ಮೂಲಕ ತಲುಪಬಹುದು. ನವೆಂಬರ್‌ನಿಂದ ಫೆಬ್ರವರಿ ಸೂಕ್ತ ಕಾಲ. ಸೂರ್ಯೋದಯದ ನಂತರದ ಎರಡು ಗಂಟೆ ಸೂಕ್ತ ಸಮಯ. ಕರಾವಳಿಯಲ್ಲಿ ಕಡಲಿನ ಇಳಿತ ನೋಡಿ ಹೊರಡಬೇಕಾದರೆ, ಇಲ್ಲಿ ಬಿಸಿಲು ಮತ್ತು ಬ್ಯಾರೇಜಿನ ನೀರಿನ ಮಟ್ಟ ನೋಡಬೇಕು.

* ಎಂಟ್ಹತ್ತು ಜನರ ತಂಡ ಸಾಕು. ಒಬ್ಬರು ಬರೆದುಕೊಳ್ಳಲಿ, ಉಳಿದವರು ನೋಡಲಿ. ಗಾಢ ಬಣ್ಣದ ಉಡುಪು, ಗಟ್ಟಿ ಮಾತು ಬೇಡ.
* ಒಂದು ದುರ್ಬೀನು, ಒಂದು ನೋಟ್‌ಪುಸ್ತಕ, ಒಂದು ಹಕ್ಕಿ ಕೈಪಿಡಿ ಇದ್ದರೆ ಆರಂಭಿಸಬಹುದು. ಕನ್ನಡದಲ್ಲಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಅವರ ಹಕ್ಕಿ ಪುಸ್ತಕಗಳಿವೆ.
* ಪಟ್ಟಿಯನ್ನು ಇ-ಬರ್ಡ್ ತಾಣದಲ್ಲಿ ಉಚಿತವಾಗಿ ದಾಖಲಿಸಬಹುದು. ಸಂಶಯವಿದ್ದ ಹೆಸರನ್ನು ಊಹಿಸಿ ಬರೆಯಬಾರದು.
* ಜನವರಿಯಲ್ಲಿ ಏಷ್ಯಾ ನೀರುಹಕ್ಕಿ ಗಣತಿ 1987ರಿಂದ ನಡೆಯುತ್ತ ಬಂದಿದೆ. ಫೆಬ್ರವರಿಯಲ್ಲಿ ನಾಲ್ಕು ದಿನಗಳ ಹಿತ್ತಲ ಹಕ್ಕಿ ಎಣಿಕೆಯಲ್ಲಿ ಭಾರತ 2013ರಿಂದ ಪಾಲ್ಗೊಳ್ಳುತ್ತಿದೆ. ಶಾಲೆ, ಕಾಲೇಜುಗಳೂ ಸೇರಬಹುದು.
* ಮಾರ್ಚ್‌ನಿಂದ ಮೇವರೆಗೆ ಮರಳು ದಿಬ್ಬಗಳ ಮೇಲೆ ಕಾಲಿಡಬಾರದು. ದಂಡೆಯಿಂದಲೇ ನೋಡಬೇಕು. ಗೂಡಿನ ಸಮೀಪದ ಚಿತ್ರ, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ಸಲ್ಲದು.
* ಶಹಾಬಾದ್, ವಾಡಿ ಸುತ್ತಲಿನ ಹಳೆಯ ಕಲ್ಲುಗಣಿಗಳ ನೀರಿನಂಚಿಗೆ ಮಕ್ಕಳನ್ನು ಬಿಡಬಾರದು.
* ಗೌಜುಗ, ಗಿಳಿಗಳನ್ನು ಹಿಡಿದು ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಂಡುಬಂದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಮೊದಲ ಸಲದ ಪಟ್ಟಿಯಲ್ಲಿ ಇಪ್ಪತ್ತು ಹೆಸರಿದ್ದರೂ ಅದು ಚಿಕ್ಕದಲ್ಲ. ಅದೇ ದಂಡೆಗೆ ಮುಂದಿನ ವರ್ಷವೂ ಹೋಗಿ ಬರೆದ ಪಟ್ಟಿ ಅದಕ್ಕೆ ಬೆಲೆ ತರುತ್ತದೆ. ಒಂದು ದಿಬ್ಬಕ್ಕೆ ಮರಳಿನ ಲಾರಿ ಇಳಿಯಬೇಕೋ ಬೇಡವೋ ಎಂಬ ಪ್ರಶ್ನೆ ಬಂದ ದಿನ, ಊರಿನವರ ಕೈಯಲ್ಲಿ ಅಂಥ ಹತ್ತು ವರ್ಷದ ಪಟ್ಟಿಯಿದ್ದರೆ ನದಿಯ ಹಕ್ಕಿಗಳ ಪರವಾಗಿ ಒಂದು ಮಾತು ದಾಖಲೆಯಲ್ಲಿರುತ್ತದೆ.