ಶ್ರೀಕಂಠದತ್ತ ನರಸಿಂಹರಾಜ ಒಡೆಯರ್

ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ (20 ಫೆಬ್ರವರಿ 1953 – 10 ಡಿಸೆಂಬರ್ 2013) ಮೈಸೂರು ರಾಜವಂಶದ ಮುಖ್ಯಸ್ಥರು, ಉದ್ಯಮಿ, ನಾಲ್ಕು ಬಾರಿ ಲೋಕಸಭಾ ಸದಸ್ಯರು ಹಾಗೂ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರು.

ಆರಂಭಿಕ ಜೀವನ

ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರ್ ಮತ್ತು ತ್ರಿಪುರಸುಂದರಿ ಅಮ್ಮಣ್ಣಿ ದಂಪತಿಯ ಏಕೈಕ ಪುತ್ರ. ಇವರು ಹುಟ್ಟುವ ಹೊತ್ತಿಗೆ ಮೈಸೂರು ಸಂಸ್ಥಾನ ಭಾರತದ ಒಕ್ಕೂಟದಲ್ಲಿ ಸೇರಿಹೋಗಿತ್ತು. 1971ರ ಸಂವಿಧಾನ ತಿದ್ದುಪಡಿಯಿಂದ ರಾಜಧನ ಮತ್ತು ಅಧಿಕೃತ ಬಿರುದುಗಳೂ ರದ್ದಾದವು. 1974ರಲ್ಲಿ ತಂದೆ ನಿಧನರಾದಾಗ ಇವರ ಪಾಲಿಗೆ ಬಂದದ್ದು ಅಧಿಕಾರವಿಲ್ಲದ ಹಿರಿತನ ಮತ್ತು ಅಪಾರ ಆಸ್ತಿಯ ಹೊಣೆ. 1976ರಲ್ಲಿ ಪ್ರಮೋದಾದೇವಿ ಅವರನ್ನು ವಿವಾಹವಾದರು.

ಉದ್ಯಮ ಮತ್ತು ಆಸ್ತಿ ವಿವಾದ

ಮೈಸೂರು ರೇಷ್ಮೆಯ ಪರಂಪರೆಯನ್ನು ಆಧರಿಸಿ ‘ರಾಯಲ್ ಸಿಲ್ಕ್ ಆಫ್ ಮೈಸೂರು’ ಹೆಸರಿನಲ್ಲಿ ಸೀರೆಗಳನ್ನು ಮಾರುಕಟ್ಟೆಗೆ ತಂದರು. ವಸ್ತ್ರ ವಿನ್ಯಾಸದಲ್ಲೂ ಅವರಿಗೆ ಆಸಕ್ತಿಯಿತ್ತು. ಊಟಿಯ ಫರ್ನ್‌ಹಿಲ್ಸ್ ಅರಮನೆ ಹೋಟೆಲಾಗಿ ನಡೆಯಿತು. ಆದರೆ ಅವರ ಆರ್ಥಿಕ ಬದುಕಿನ ಮೇಲೆ ವ್ಯಾಪಾರಕ್ಕಿಂತ ನ್ಯಾಯಾಲಯದ ನೆರಳೇ ದೊಡ್ಡದಾಗಿತ್ತು. ಬೆಂಗಳೂರು ಅರಮನೆ ಮತ್ತು ಅದರ ಸುತ್ತಲಿನ 472 ಎಕರೆ ಭೂಮಿಯನ್ನು 11 ಕೋಟಿ ರೂಪಾಯಿ ಪರಿಹಾರಕ್ಕೆ ವಶಪಡಿಸಿಕೊಳ್ಳಲು ರಾಜ್ಯ ಸರ್ಕಾರ 1996ರಲ್ಲಿ ಕಾಯ್ದೆ ರೂಪಿಸಿತು. ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಈ ವ್ಯಾಜ್ಯ ಅವರ ಜೀವಿತಾವಧಿಯಲ್ಲಿ ಇತ್ಯರ್ಥವಾಗಲಿಲ್ಲ.

ರಾಜಕೀಯ

ಕಾಂಗ್ರೆಸ್ ಅಭ್ಯರ್ಥಿಯಾಗಿ ಮೈಸೂರು ಕ್ಷೇತ್ರದಿಂದ 1984, 1989, 1996 ಮತ್ತು 1999ರಲ್ಲಿ ಆಯ್ಕೆಯಾದರು. ನಡುವೆ 1991ರಲ್ಲಿ ಭಾರತೀಯ ಜನತಾ ಪಕ್ಷದಿಂದ ಸ್ಪರ್ಧಿಸಿ, ಡಿ. ದೇವರಾಜ ಅರಸು ಅವರ ಪುತ್ರಿ ಚಂದ್ರಪ್ರಭಾ ಅರಸು ಅವರೆದುರು ಸೋತರು. 2004ರಲ್ಲಿ ಮತ್ತೆ ಪರಾಭವಗೊಂಡರು. ರಾಜಮನೆತನದ ಮೇಲೆ ಮೈಸೂರಿಗರಿಗಿದ್ದ ಗೌರವ ಪ್ರತಿ ಚುನಾವಣೆಯಲ್ಲೂ ಮತವಾಗಲಿಲ್ಲ ಎಂಬುದನ್ನು ಈ ಫಲಿತಾಂಶಗಳು ತೋರಿಸುತ್ತವೆ.

ಕ್ರೀಡಾಡಳಿತ

ವಿದ್ಯಾರ್ಥಿ ದೆಸೆಯಲ್ಲೇ ಕ್ರಿಕೆಟ್ ಆಡಿದ್ದ ಒಡೆಯರ್, 2007ರಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದರು. ಇಂಡಿಯನ್ ಪ್ರೀಮಿಯರ್ ಲೀಗ್‌ನ ಮೊಟ್ಟಮೊದಲ ಪಂದ್ಯ 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದದ್ದು ಇವರ ಅವಧಿಯಲ್ಲೇ. 2010ರಲ್ಲಿ ಅನಿಲ್ ಕುಂಬ್ಳೆ ಅಧ್ಯಕ್ಷರಾಗಿ ಆಯ್ಕೆಯಾದರು. ಮೂರು ವರ್ಷಗಳ ಬಳಿಕ, 2013ರ ಡಿಸೆಂಬರ್ ಆರಂಭದಲ್ಲಿ ನಡೆದ ಚುನಾವಣೆಯಲ್ಲಿ ಒಡೆಯರ್ ಮತ್ತೆ ಗೆದ್ದರು. ಬ್ರಿಜೇಶ್ ಪಟೇಲ್ ಕಾರ್ಯದರ್ಶಿಯಾದರು. ಆ ಎರಡನೆಯ ಅವಧಿ ಹತ್ತು ದಿನವೂ ನಡೆಯಲಿಲ್ಲ.

ನಿಧನ ಮತ್ತು ಉತ್ತರಾಧಿಕಾರ

2013ರ ಡಿಸೆಂಬರ್ 10ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ನಿಧನರಾದರು. ಮೈಸೂರಿನ ಮಧುವನದಲ್ಲಿ ಸರ್ಕಾರಿ ಗೌರವಗಳೊಂದಿಗೆ ಅಂತ್ಯಕ್ರಿಯೆ ನೆರವೇರಿತು. ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಕ್ರಿಕೆಟ್ ಮೈದಾನಕ್ಕೆ ಅವರ ಹೆಸರನ್ನು ಇಡಲಾಗಿದೆ.

ದಂಪತಿಗೆ ಮಕ್ಕಳಿರಲಿಲ್ಲ. ಪ್ರತಿ ನವರಾತ್ರಿಯಲ್ಲಿ ಅವರು ಅರಮನೆಯಲ್ಲಿ ನಡೆಸುತ್ತಿದ್ದ ಖಾಸಗಿ ದರ್ಬಾರಿಗೆ 2014ರಲ್ಲಿ ಕೂರುವವರಿಲ್ಲದೆ, ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನಿರಿಸಿ ಪೂಜಿಸಲಾಯಿತು. 2015ರ ಫೆಬ್ರವರಿಯಲ್ಲಿ ಪ್ರಮೋದಾದೇವಿ ಅವರು ಯದುವೀರ ಅವರನ್ನು ದತ್ತು ಪಡೆದರು; ಅದೇ ವರ್ಷದ ಮೇ 28ರಂದು ಅವರ ಪಟ್ಟಾಭಿಷೇಕ ನಡೆಯಿತು.