ಸಾಲ ಇಟ್ಟು ಸೀಮೆ ದಾಟಿದವರು

ಗೆಳೆಯರೆ, ಇಲ್ಲಿ ಏನಾದರೂ ಬರೆದು ಬಹಳ ದಿನಗಳಾದವು. ಸೋಮಾರಿತನ ಅಂತ ಬೈಯಬೇಡಿ, ಈ ಸಲ ಕಾರಣ ಇದೆ. ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ, ವೀಸಾನೂ ಬಂದಿದೆ. ಇನ್ನು ಆರು ವಾರದಲ್ಲಿ ಹೊರಡಬೇಕು.

ಒಂದು ವಿಷಯ ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ಇಂಜಿನಿಯರಿಂಗ್ ಓದುವಾಗ ತೆಗೆದ ಬ್ಯಾಂಕ್ ಸಾಲ ಇನ್ನೂ ಎರಡು ಲಕ್ಷ ನಲವತ್ತು ಸಾವಿರ ಬಾಕಿ ಇದೆ. ನಡುವೆ ಅಕ್ಕನ ಮದುವೆ ಬಂತು, ಕಂತುಗಳು ಹಿಂದೆ ಬಿದ್ದವು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಇದನ್ನು ಹೇಳಿಕೊಂಡಾಗ ಸಹೋದ್ಯೋಗಿಯೊಬ್ಬ ನಕ್ಕುಬಿಟ್ಟ. "ಅಲ್ಲಿಗೆ ಹೋದ್ಮೇಲೆ ಯಾರು ಬಂದು ಹಿಡೀತಾರೆ ಗುರು? ಮೂರು ವರ್ಷ ಸುಮ್ನಿದ್ದುಬಿಡು, ಲಿಮಿಟೇಶನ್ ಆಗಿಹೋಗುತ್ತೆ" ಅಂದ. ಸುಳ್ಳು ಯಾಕೆ ಹೇಳಲಿ, ಆ ಮಾತು ಒಂದೆರಡು ದಿನ ನನಗೂ ಹಿತವಾಗಿಯೇ ಕೇಳಿಸಿತು.

ಆ ವಾರಾಂತ್ಯ ರಾಯಚೂರಿಗೆ ಹೋದೆ. ರಾತ್ರಿ ಊಟ ಆದಮೇಲೆ ಮಾಳಿಗೆ ಮೇಲೆ ಕೂತು ಅಪ್ಪನಿಗೆ ಇದನ್ನು ತಮಾಷೆಯಂತೆ ಹೇಳಿದೆ. ಅಪ್ಪ ನಗಲಿಲ್ಲ. "ನಿಮ್ಮ ಮುತ್ತಾತನ ತಮ್ಮನ ಸುದ್ದಿ ಗೊತ್ತೈತೇನು ನಿನಗ?" ಅಂದರು. ನನಗೆ ಗೊತ್ತಿರಲಿಲ್ಲ.

ನಮ್ಮದು ಮೂಲತಃ ದೇವದುರ್ಗ ತಾಲೂಕಿನ ಹಳ್ಳಿ. ಅದು ನಿಜಾಮರ ಕಾಲ, 1930ರ ಆಸುಪಾಸು ಇರಬೇಕು. ಎತ್ತು ಸತ್ತು, ಮಳೆ ಕೈಕೊಟ್ಟ ವರ್ಷ ಮುತ್ತಾತನ ತಮ್ಮ ಸಾಹುಕಾರರ ಹತ್ತಿರ ಎಂಬತ್ತು ರೂಪಾಯಿ ಸಾಲ ತಂದಿದ್ದನಂತೆ. ತೀರಿಸಲು ಆಗಲಿಲ್ಲ. ಒಂದು ರಾತ್ರಿ ಯಾರಿಗೂ ಹೇಳದೆ ರಾಯಚೂರಿನ ತನಕ ನಡೆದು, ರೈಲು ಹತ್ತಿ ಸೊಲ್ಲಾಪುರಕ್ಕೆ ಹೋದ. ಬಟ್ಟೆ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ ಅಂತ ಸುದ್ದಿ ಬಂತು, ಆಮೇಲೆ ಅದೂ ಇಲ್ಲ. ಸಾಹುಕಾರ ಮುತ್ತಾತನನ್ನು ಕರೆಸಿದ. ತಮ್ಮನ ಸಾಲಕ್ಕೆ ಅಣ್ಣ ಜೀತಕ್ಕೆ ನಿಂತ. ಎಷ್ಟು ವರ್ಷ ಅಂತ ಅಪ್ಪನಿಗೂ ಸರಿಯಾಗಿ ಗೊತ್ತಿಲ್ಲ. ತಾತ ಹುಟ್ಟಿದ್ದು ಮಾತ್ರ ಆ ಜೀತದ ಕಾಲದಲ್ಲೇ. "ಹೋದಾಂವ ಹೋದ, ಇದ್ದಾಂವ ತೀರಿಸಿದ" ಅಂತ ಹೇಳಿ ಅಪ್ಪ ಮಲಗಲು ಎದ್ದರು.

ನನಗೆ ನಿದ್ದೆ ಬರಲಿಲ್ಲ. ಬೆಂಗಳೂರಿಗೆ ಬಂದವನೇ ಒಂದಿಷ್ಟು ಓದಲು ಕೂತೆ. ಓದಿದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ ಈ ಬರಹ. ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡ್ಕೋಬೇಡಿ :-)

ಮೊದಲು ಸಿಕ್ಕಿದ್ದು ನಮ್ಮದೇ ಸೀಮೆಯ ಪುಸ್ತಕ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಆಗ ಚಾಲುಕ್ಯರ ರಾಜಧಾನಿ. ಆರನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076-1126) ಅಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಬ್ರಿಟಿಷರ ಕೋರ್ಟುಗಳು ಕೂಡ ಹಿಂದೂ ಕಾನೂನು ಅಂದರೆ ಬಂಗಾಳದ ಕಡೆ ಬಿಟ್ಟು ಹೆಚ್ಚುಕಡಿಮೆ ಇದನ್ನೇ ಹಿಡಿದವು. ಅದರ ಸಾಲದ ಪ್ರಕರಣದಲ್ಲಿ ನನ್ನ ಪ್ರಶ್ನೆ ಹಾಗೇ ಇದೆ! ಸಾಲಗಾರ ಸತ್ತರೆ, ವಾಸಿಯಾಗದ ಕಷ್ಟಕ್ಕೆ ಸಿಕ್ಕರೆ, ಅಥವಾ ಪರದೇಶಕ್ಕೆ ಹೋದರೆ ಆ ಸಾಲ ಯಾರದು? ಮಕ್ಕಳು, ಮೊಮ್ಮಕ್ಕಳು ಕೊಡಬೇಕು ಅನ್ನುತ್ತೆ ಸ್ಮೃತಿ. ನಾರದ ಸ್ಮೃತಿ ಇದಕ್ಕೊಂದು ಗಡುವು ಸೇರಿಸುತ್ತೆ, ಅಪ್ಪ ಪರದೇಶಕ್ಕೆ ಹೋಗಿದ್ದರೆ ಇಪ್ಪತ್ತು ವರ್ಷ ಕಾಯಬೇಕು, ಅದಕ್ಕೂ ಮುಂಚೆ ಮಗನನ್ನು ಕೇಳುವ ಹಾಗಿಲ್ಲ. ಕುಡಿತಕ್ಕೆ, ಜೂಜಿಗೆ ಮಾಡಿದ ಸಾಲವಾದರೆ ಮಗ ಕೊಡಬೇಕಾಗೇ ಇಲ್ಲ.

ಇನ್ನೂ ಒಂದು ಮಾತಿದೆ ಅಲ್ಲಿ. ಮಗ ಮಾಡಿದ ಸಾಲವನ್ನು ಅಪ್ಪ ತೀರಿಸಬೇಕಿಲ್ಲ, ಮನೆಯ ಸಂಸಾರಕ್ಕೆ ಮಾಡಿದ್ದಾದರೆ ಮಾತ್ರ ತೀರಿಸಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಜಾಮೀನುದಾರರ ಬಗ್ಗೆಯೂ ಇದೆ. ಜಾಮೀನು ಮೂರು ಥರ. ಆಸಾಮಿಯನ್ನು ತಂದು ಎದುರಿಗೆ ನಿಲ್ಲಿಸುತ್ತೇನೆ ಅನ್ನುವವನು, ಇವನು ನಂಬಿಕಸ್ತ ಅನ್ನುವವನು, ಅವನು ಕೊಡದಿದ್ದರೆ ನಾನು ಕೊಡುತ್ತೇನೆ ಅನ್ನುವವನು. ಮೊದಲ ಇಬ್ಬರ ಹೊಣೆ ಅವರ ಜೊತೆಗೇ ಮುಗಿಯುತ್ತೆ. ಮೂರನೆಯವನದು ಅವನ ಮಕ್ಕಳ ತನಕ ಹೋಗುತ್ತೆ. ಒಂಬೈನೂರು ವರ್ಷದ ಹಿಂದೆಯೇ ನಮ್ಮ ಜನ ಇದನ್ನೆಲ್ಲ ಇಷ್ಟು ಬಿಡಿಸಿ ಯೋಚಿಸಿದ್ದರು ಅಂದರೆ, ಸಾಲ ಬಿಟ್ಟು ಸೀಮೆ ದಾಟುವವರು ಆಗಲೂ ಸಾಕಷ್ಟು ಇದ್ದರು ಅಂತಾಯಿತು!

ಮುತ್ತಾತನ ತಮ್ಮ ದಾಟಿದ್ದು ಯಾವ ಸೀಮೆ? ಇಲ್ಲಿ ನಮ್ಮ ಜಿಲ್ಲೆಯ ವಿಚಿತ್ರ ಇತಿಹಾಸ ಬರುತ್ತೆ. ಕೃಷ್ಣೆ ತುಂಗಭದ್ರೆಗಳ ನಡುವಿನ ದೋಆಬ್ ನಮ್ಮದು. ದೇವದುರ್ಗ ಕೃಷ್ಣೆಯ ಕಡೆ, ಮಾನ್ವಿ ತುಂಗಭದ್ರೆಯ ಕಡೆ. ನಿಜಾಮರ ಕಾಲದಲ್ಲಿ ಮಾನ್ವಿ ಸೀಮೆಯವರು ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತ್ಯ. ಸೊಲ್ಲಾಪುರ ಮುಂಬಯಿ ಪ್ರಾಂತ್ಯ. ಅಲ್ಲಿನ ರೂಪಾಯಿ ಬೇರೆ, ನಿಜಾಮರ ಹಾಲಿ ಸಿಕ್ಕಾ ರೂಪಾಯಿ ಬೇರೆ. ಏಳು ಹಾಲಿ ಸಿಕ್ಕಾ ಕೊಟ್ಟರೆ ಆರು ಬ್ರಿಟಿಷ್ ರೂಪಾಯಿ. ಒಂದು ಕಡೆಯ ಕೋರ್ಟು ಇನ್ನೊಂದು ಕಡೆಗೆ ವಿದೇಶಿ ಕೋರ್ಟು. ಮುಂಬಯಿ ಕಡೆಯಿಂದ ಬಂದ ರೈಲು ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲೇ ಕೂಡಿದವು. ಹಾಗಾಗಿ ಸಾಲಗಾರನಿಗೆ ರಾಯಚೂರು ಸ್ಟೇಷನ್ ಅಂದರೆ ಇವತ್ತಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇದ್ದ ಹಾಗೆ. ವೀಸಾ ಬೇಕಿರಲಿಲ್ಲ, ಅಷ್ಟೇ ವ್ಯತ್ಯಾಸ.

ಓದುತ್ತಾ ಹೋದರೆ ಇನ್ನೊಂದು ಗೊತ್ತಾಯಿತು. ಒಮ್ಮೆ ನಮ್ಮ ಜಿಲ್ಲೆಯೇ ಸಾಲಕ್ಕೆ ಅಡ ಬಿದ್ದಿತ್ತು! ಹೈದರಾಬಾದಿನಲ್ಲಿ ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ 'ಹೈದರಾಬಾದ್ ಕಂಟಿಂಜೆಂಟ್' ಅನ್ನುವ ಸೈನ್ಯ ಇತ್ತು. ಅದರ ಸಂಬಳ ಕೊಡಬೇಕಾದವರು ನಿಜಾಮರು. ಬಾಕಿ ಬೆಳೆಯಿತು, ಈಸ್ಟ್ ಇಂಡಿಯಾ ಕಂಪನಿ ತಾನೇ ಕೊಟ್ಟು ಲೆಕ್ಕ ಬರೆದುಕೊಳ್ಳುತ್ತಾ ಹೋಯಿತು. ಕೊನೆಗೆ ಗವರ್ನರ್ ಜನರಲ್ ಡಾಲ್‌ಹೌಸಿ ಪಟ್ಟು ಹಿಡಿದ. 1853ರ ಮೇ ತಿಂಗಳ ಒಪ್ಪಂದದಲ್ಲಿ ನಿಜಾಮ ನಾಸಿರುದ್ದೌಲಾ ಬೇರಾರ್, ಧಾರಾಶಿವ ಸೀಮೆ ಮತ್ತು ರಾಯಚೂರು ದೋಆಬ್ ಅನ್ನು ಕಂಪನಿಯ ಆಡಳಿತಕ್ಕೆ ಬಿಟ್ಟುಕೊಟ್ಟರು. 1857ರ ದಂಗೆಯಲ್ಲಿ ಹೈದರಾಬಾದ್ ಬ್ರಿಟಿಷರ ಪರ ನಿಂತದ್ದಕ್ಕೆ, 1860ರಲ್ಲಿ ಸುಮಾರು 50 ಲಕ್ಷ ರೂಪಾಯಿ ಸಾಲ ಮನ್ನಾ ಆಗಿ ದೋಆಬ್ ಮತ್ತು ಧಾರಾಶಿವ ವಾಪಸ್ ಬಂದವು. ಬೇರಾರ್ ಮಾತ್ರ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು.

ಯೋಚಿಸಿ, ನಮ್ಮ ರೈತ ಮನೆಯಲ್ಲಿ ಮಲಗಿದ್ದವನು ಮಲಗಿದ್ದ ಹಾಗೇ ಏಳು ವರ್ಷ ಪರದೇಶದಲ್ಲಿದ್ದು ಬಂದ. ಸಾಲ ಮಾಡಿದವರು ಅರಮನೆಯಲ್ಲಿ, ಅಡ ಬಿದ್ದದ್ದು ಜೋಳದ ಹೊಲ. ಯಾರನ್ನೂ ಒಂದು ಮಾತು ಕೇಳಲಿಲ್ಲ.

ಮುತ್ತಾತನನ್ನೂ ಯಾರೂ ಕೇಳಲಿಲ್ಲ. ಜೀತ ಅಂದರೆ ನಾವು ಪುಸ್ತಕದಲ್ಲಿ ಓದಿದ ಹಾಗೆ ಬರೀ ಬಿಟ್ಟಿ ಕೆಲಸ ಅಲ್ಲ. ಅದರ ತಿರುಳು ಬೇರೆ ಕಡೆ ಹೋಗುವ ಹಾಗಿಲ್ಲ ಅನ್ನುವುದು. ಹೈದರಾಬಾದ್ ಸಂಸ್ಥಾನದಲ್ಲಿ ಇದಕ್ಕೆ 'ಭಾಗೇಲಾ' ಅಂತಲೂ ಹೆಸರಿತ್ತು. 1943ರಲ್ಲಿ ನಿಜಾಮರ ಸರ್ಕಾರವೇ ಈ ಕರಾರುಗಳನ್ನು ಹದ್ದಿನಲ್ಲಿಡಲು ಕಾನೂನು ಮಾಡಿತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಡಳಿತ ಮುಗಿಯಿತು, 1956ರ ನವೆಂಬರ್ 1ಕ್ಕೆ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಜೀತ ಮಾತ್ರ ನಡೆದೇ ಇತ್ತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ (ಜಾರಿಯಾದದ್ದು 1975ರ ಅಕ್ಟೋಬರ್ 25ರಿಂದ) ಅದನ್ನು ಇಡೀ ದೇಶದಲ್ಲಿ ಅಪರಾಧ ಅಂತ ಮಾಡಿತು. ಬೇರೆ ಬೇರೆ ಪ್ರಾಂತ್ಯಗಳಲ್ಲಿ ಇದಕ್ಕಿರುವ ಹೆಸರುಗಳನ್ನು ಕಾಯ್ದೆ ಪಟ್ಟಿ ಮಾಡಿದೆ, ಅದರಲ್ಲಿ ಜೀತವೂ ಇದೆ, ಭಾಗೇಲಾವೂ ಇದೆ. ಹಿರಿಯರಿಂದ ಬಂದ ಹೊರೆಗಾಗಿ ದುಡಿಯುವುದು, ಸಾಲಕ್ಕಾಗಿ ದೇಶದಲ್ಲಿ ಎಲ್ಲಿಗಾದರೂ ಹೋಗುವ ಹಕ್ಕನ್ನು ಕಳೆದುಕೊಳ್ಳುವುದು, ಇವೂ ಜೀತವೇ ಅನ್ನುತ್ತೆ ಅದು. ಅಂಥ ಜೀತದ ಸಾಲಗಳೆಲ್ಲ ಒಂದೇ ಏಟಿಗೆ ವಜಾ ಆದವು. ಇದನ್ನು ಓದಿದಾಗ ಮುತ್ತಾತ ನೆನಪಾದ. ನಲವತ್ತು ವರ್ಷ ತಡವಾಗಿ ಬಂದ ಕಾನೂನು.

ಹಾಗಾದರೆ ಹೋಗುವ ಹಕ್ಕು ಇದೆ ತಾನೆ? ಖಂಡಿತ ಇದೆ. ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಅಂತ ಸುಪ್ರೀಂ ಕೋರ್ಟು 1967ರಲ್ಲೇ ಹೇಳಿತು, 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಮತ್ತೆ ಗಟ್ಟಿ ಮಾಡಿತು. ಕೊಡಲು ಗತಿಯೇ ಇಲ್ಲದವನನ್ನು ಸಾಲಕ್ಕಾಗಿ ಜೈಲಿಗೆ ಹಾಕಬಾರದು ಅಂತ 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪು ಬರೆದರು. ಸರ್ಕಾರಿ ಬ್ಯಾಂಕಿನ ಮುಖ್ಯಸ್ಥರು ಸಾಲಗಾರರ ಮೇಲೆ ಲುಕ್‌ಔಟ್ ಸುತ್ತೋಲೆ ಹೊರಡಿಸಿ ಎಂದು ತಾವೇ ಕೇಳುವ ಅಧಿಕಾರವನ್ನು ಬಾಂಬೆ ಹೈಕೋರ್ಟು 2024ರ ಏಪ್ರಿಲ್‌ನಲ್ಲಿ ರದ್ದು ಮಾಡಿತು. ಅಂದರೆ ಸಾಲ ಇದೆ ಅನ್ನುವ ಒಂದೇ ಕಾರಣಕ್ಕೆ ನಾನು ಅಪರಾಧಿ ಅಲ್ಲ.

ಆದರೆ ಕ್ಯಾಂಟೀನಿನ ಆ ಸಲಹೆ ಪೂರಾ ತಪ್ಪು. ಸಾಲಕ್ಕೆ ಮೂರು ವರ್ಷದ ಕಾಲಮಿತಿ ಇರುವುದು ನಿಜ. 1963ರ ಕಾಲಮಿತಿ ಕಾಯ್ದೆಯ 15ನೇ ಸೆಕ್ಷನ್ ನೋಡಿ. ಸಾಲಗಾರ ಭಾರತದಲ್ಲಿ ಇಲ್ಲದ ದಿನಗಳನ್ನು ಆ ಮೂರು ವರ್ಷದ ಲೆಕ್ಕದಿಂದ ಕಳೆಯಬೇಕು! ನಾನು ಜರ್ಮನಿಯಲ್ಲಿ ಹತ್ತು ವರ್ಷ ಇದ್ದರೆ ಗಡಿಯಾರ ಹತ್ತು ವರ್ಷ ನಿಂತಿರುತ್ತೆ. ಹೊರಡುವ ಮುಂಚೆಯೇ ಹಿಡಿಯುವ ದಾರಿಯೂ ಇದೆ. ಬಾಕಿದಾರ ದೇಶ ಬಿಟ್ಟು ಹೋಗುತ್ತಾನೆ, ಹೋದರೆ ವಸೂಲಿಗೆ ತೊಂದರೆ ಅಂತ ದಾವೆ ಹಾಕಿದವನು ತೋರಿಸಿಕೊಟ್ಟರೆ, ಅವನನ್ನು ಕರೆಸಿ ಭದ್ರತೆ ಕೇಳುವ ಅಧಿಕಾರ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿದೆ.

ದೊಡ್ಡವರ ಕತೆ ನಿಮಗೆಲ್ಲ ಗೊತ್ತು. ಆಗ ಕರ್ನಾಟಕದಿಂದಲೇ ರಾಜ್ಯಸಭಾ ಸದಸ್ಯರಾಗಿದ್ದ ವಿಜಯ್ ಮಲ್ಯ 2016ರ ಮಾರ್ಚ್ 2ರಂದು ದೇಶ ಬಿಟ್ಟರು. 2018ರಲ್ಲಿ ಪರಾರಿ ಆರ್ಥಿಕ ಅಪರಾಧಿಗಳ ಕಾಯ್ದೆ ಬಂತು. 2019ರ ಜನವರಿಯಲ್ಲಿ ಆ ಕಾಯ್ದೆಯಡಿ ಪರಾರಿ ಅಂತ ಘೋಷಣೆಯಾದ ಮೊದಲ ಹೆಸರು ಅವರದೇ. ಆ ಕಾಯ್ದೆ 100 ಕೋಟಿ ಮತ್ತು ಅದಕ್ಕಿಂತ ಮೇಲಿನ ಪ್ರಕರಣಗಳಿಗೆ ಮಾತ್ರ. ಇನ್ನೊಂದು ತುದಿಯಲ್ಲಿ ನಮ್ಮ ದೇವದುರ್ಗ, ಮಾನ್ವಿಯ ಜನ ಇದ್ದಾರೆ. ಸುಗ್ಗಿ ಮುಗಿದ ಮೇಲೆ ಮಕ್ಕಳು ಮರಿ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಬರುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಊರು ಬಿಡುವುದು ಸಾಲ ತಪ್ಪಿಸಿಕೊಳ್ಳಲು ಅಲ್ಲ, ತೀರಿಸಲು. ಮನೆಯಲ್ಲಿ ಮುದುಕರು ಉಳಿದಿರುತ್ತಾರೆ, ಕೇಳಲು ಬಂದವರಿಗೆ ಉತ್ತರ ಹೇಳುವವರು ಅವರೇ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ವಿಜ್ಞಾನೇಶ್ವರನ ಕಾಲದಲ್ಲಿ ಅಪ್ಪ ಹೋದರೆ ಮಗ ಕೊಡಬೇಕಿತ್ತು. ಆ ಧರ್ಮದ ಹೊಣೆಯನ್ನು 2005ರ ಸೆಪ್ಟೆಂಬರ್ 9ರ ನಂತರದ ಸಾಲಗಳಿಗೆ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ ತೆಗೆದುಹಾಕಿದೆ. ಮಗನ ಸಾಲ ಅಪ್ಪನಿಗಿಲ್ಲ ಅಂತ ಹಳೆಯ ಸ್ಮೃತಿಯೂ ಹೇಳಿತ್ತು, ನೆನಪಿದೆಯಲ್ಲ? ಆದರೆ ನನ್ನ ಸಾಲದ ಅರ್ಜಿಯಲ್ಲಿ ನನ್ನ ಸಹಿಯ ಪಕ್ಕ ಅಪ್ಪನ ಸಹಿ ಇದೆ. ಅದರ ಕೆಳಗೆ ಜಾಮೀನುದಾರ ಅಂತ ಮಾನ್ವಿ ಮಾವನ ಸಹಿ ಇದೆ. ಅವರು ರಕ್ತಸಂಬಂಧಿ ಅಲ್ಲ, ಅಪ್ಪನ ಗೆಳೆಯರು, ನಿವೃತ್ತ ಮೇಷ್ಟ್ರು. ಪಿಂಚಣಿಯಲ್ಲಿ ಬದುಕುವವರು. 1872ರ ಕರಾರು ಕಾಯ್ದೆ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಬ್ಯಾಂಕು ಜರ್ಮನಿಯ ತನಕ ಬರುವ ಕಷ್ಟ ಯಾಕೆ ಪಡುತ್ತೆ, ಮಾನ್ವಿಗೆ ಬಸ್ಸಿದೆಯಲ್ಲ!

ಸ್ಮೃತಿ ಬಿಟ್ಟ ಅಪ್ಪನನ್ನು ಫಾರಂ ಹಿಡಿಯಿತು. "ಯಾರು ಬಂದು ಹಿಡೀತಾರೆ" ಅಂತ ಕೇಳುವವರು ಮರೆಯುವುದು ಇದನ್ನೇ. ಹಿಡಿಯುವುದು ಹೋದವನನ್ನಲ್ಲ. ಆಗ ಮುತ್ತಾತನನ್ನು ಹಿಡಿದರು, ಅದಕ್ಕೂ ಮುಂಚೆ ಒಂದು ಇಡೀ ಸೀಮೆಯನ್ನೇ ಹಿಡಿದರು. ಈಗ ಸಹಿ ಹಾಕಿದವರನ್ನು ಹಿಡಿಯುತ್ತಾರೆ.

ಕಳೆದ ಶನಿವಾರ ಮಾನ್ವಿಗೆ ಹೋಗಿ ಬಂದೆ. ಎಷ್ಟು ಬಾಕಿ, ಎಷ್ಟು ಕಂತು, ಯಾವ ಖಾತೆಯಿಂದ ಪ್ರತಿ ತಿಂಗಳು ತಾನಾಗೇ ಕಟ್ ಆಗುತ್ತೆ, ಎಲ್ಲ ಒಂದು ಹಾಳೆಯಲ್ಲಿ ಬರೆದು ಮಾವನ ಕೈಗೆ ಕೊಟ್ಟೆ. ಬ್ಯಾಂಕಿಗೂ ಹೋಗಿ ಹೊರಡುವ ವಿಷಯ ಬರೆದುಕೊಟ್ಟೆ, ಅನಿವಾಸಿಗಳ ಖಾತೆಗೆ ಅರ್ಜಿ ಹಾಕಿದೆ. ಹಿಂದೆ ಬಿದ್ದಿದ್ದ ಕಂತುಗಳನ್ನು ಬೈಕು ಮಾರಿ ಕಟ್ಟಿದೆ. ಮಾವ ಹಾಳೆಯನ್ನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡು, "ಇದನ್ನ ಕೇಳ್ಬೇಕು ಅನ್ಕೊಂಡಿದ್ದೆ, ಹೆಂಗ ಕೇಳ್ಬೇಕು ಅಂತ ತಿಳಿದಿರಲಿಲ್ಲ ನೋಡಪಾ. ಚಾ ಕುಡಿ" ಅಂದರು.

ಅವರು ಕೇಳಲು ಹಿಂಜರಿಯುತ್ತಿದ್ದ ಆ ಆರು ತಿಂಗಳು ನಾನು ಬೆಂಗಳೂರಿನಲ್ಲಿ ಆರಾಮಾಗಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತೆ.

ನಿಮ್ಮ ಮನೆಗಳಲ್ಲೂ ಹೀಗೆ ಊರು ಬಿಟ್ಟವರ, ಉಳಿದು ತೀರಿಸಿದವರ ಕತೆಗಳಿರಬಹುದು. ಹೋದವರ ಕತೆ ಎಲ್ಲರೂ ಹೇಳುತ್ತಾರೆ, ಉಳಿದವರದು ಕೇಳಿದರೆ ಮಾತ್ರ ಸಿಗುತ್ತೆ. ಮನೆಯ ಹಿರಿಯರನ್ನು ಕೇಳಿ ನೋಡಿ, ಸಿಕ್ಕರೆ ಬರೆಯಿರಿ. ಮುಂದಿನ ಬರಹ ಜರ್ಮನಿಯ ಚಳಿಯಿಂದ :-)